ಗಿಡ್ಡ ಹಗ್ಗ

ಸಮನ್ಸಿನ ಎರಡು ಕಡೆಯೂ ಭೀಮರಾಜುವೇ ಸಹಿ ಹಾಕಿದ್ದ. ಜಾರಿ ಮಾಡಿದವರು ಎಂಬಲ್ಲಿ ಒಂದು, ಪಡೆದುಕೊಂಡವರು ಎಂಬಲ್ಲಿ ಇನ್ನೊಂದು. ಅವನ ನಾಯಿ ಸಿಂಧು ಸತ್ತ ಮೇಲೆ ಶ್ವಾನದಳದಲ್ಲಿ ಅವನಿಗೆ ಹಿಡಿಯಲು ಬೇರೆ ನಾಯಿಯಿರಲಿಲ್ಲ. ಹೊಸ ಮರಿ ಬರುವ ತನಕ ಇರಲಿ ಎಂದು ಅವನನ್ನು ಸಮನ್ಸ್ ಡ್ಯೂಟಿಗೆ ಹಾಕಿ ನಾಲ್ಕು ತಿಂಗಳಾಗಿತ್ತು. ಈ ನಾಲ್ಕು ತಿಂಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಸ್ಸುಗಳ ಕಂಡಕ್ಟರುಗಳಿಗೆಲ್ಲ ಅವನ ಮುಖ ಪರಿಚಯವಾಗಿತ್ತು. ಬರಗೂರಿನಲ್ಲಿ ಇಳಿದು ಸಾಕ್ಷಿ ಹುಡುಕುವುದು, ಸಾಕ್ಷಿ ಹೊಲಕ್ಕೆ ಹೋಗಿದ್ದಾನೆ ಅಂದರೆ ಹೊಲಕ್ಕೆ ಹೋಗುವುದು, ಹೊಲದಲ್ಲಿಲ್ಲ ಶಿರಾಕ್ಕೆ ಹೋದ ಅಂದರೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಗುವುದು, ನಿಡುಗಲ್ ಬೆಟ್ಟದ ಬುಡದಲ್ಲಿ ತೆಲುಗಿನಲ್ಲಿ ಬೈಸಿಕೊಂಡು ಕನ್ನಡದಲ್ಲಿ ಸಹಿ ಹಾಕಿಸಿಕೊಳ್ಳುವುದು. ಬೇಜಾರಿನ ಕೆಲಸವೇನಲ್ಲ. ಬೇಜಾರಾಗುವಷ್ಟು ಮನಸ್ಸನ್ನು ಆ ಕೆಲಸ ಕೇಳುತ್ತಿರಲಿಲ್ಲ. ಒಂದು ಸೋಮವಾರ ಕಾಗದದ ಕಟ್ಟು ಬಿಚ್ಚಿ ಊರುವಾರು ಜೋಡಿಸುತ್ತಿದ್ದಾಗ ತನ್ನದೇ ಹೆಸರು ಸಿಕ್ಕಿತು. ಸಾಕ್ಷಿ ಹದಿನೇಳು, ಭೀಮರಾಜು, ಶ್ವಾನ ನಿರ್ವಾಹಕ. ಆರೋಪಿ ಬೋರಣ್ಣ. ಪಕ್ಕದ ಮೇಜಿನವರು ನಕ್ಕು, ವಿಳಾಸದಾರ ಸಿಕ್ಕಲಿಲ್ಲ ಅಂತ ಬರೆದು ಕಳಿಸಿಬಿಡು ಎಂದು ತಮಾಷೆ ಮಾಡಿದರು. ಅವನೂ ನಕ್ಕ. ಬರೆದರೆ ಏನಾಗುತ್ತದೆ ಎಂದು ಒಂದು ಗಳಿಗೆ ನಿಜಕ್ಕೂ ಯೋಚಿಸಿದ. ಆಮೇಲೆ ಎರಡು ಕಡೆಯೂ ಸಹಿ ಹಾಕಿ ಅದನ್ನು ಕಟ್ಟಿನೊಳಗೆ ಸೇರಿಸಿದ.

ಇವತ್ತು ಆ ತಾರೀಖು. ಹೆಂಡತಿ ರಾಧಾಮಣಿ ಬೆಳಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲೂ ಅವನ ಖಾಕಿಗೆ ಇಸ್ತ್ರಿ ಹಾಕಿಟ್ಟು, ಯಾವ ಕೇಸು ಎಂದು ಕೇಳಿದ್ದಳು. ಹಳೇದು, ನಾಯೀದು ಎಂದಿದ್ದ. ಅವಳು ಅಷ್ಟಕ್ಕೆ ಬಿಡುವವಳಲ್ಲ, ಆದರೆ ಬಸ್ಸಿನ ಹೊತ್ತಾಗಿತ್ತು. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕಟ್ಟಿದ ಜೇಡರಬಲೆಯನ್ನು ಪೊರಕೆಯ ತುದಿಯಿಂದ ತೆಗೆದು, ಬಾಗಿಲು ಸರಿಯಾಗಿ ಹಾಕಿ ಎಂದು ಹೇಳಿ ಹೋದಳು. ಕೋರ್ಟಿಗೆ ನಡೆದು ಬರುವಾಗ ಭೀಮರಾಜುವಿಗೆ ಏನೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ದವಡೆ ಮರಗಟ್ಟಿರುತ್ತದಲ್ಲ, ಕಚ್ಚಿಕೊಂಡರೂ ತಿಳಿಯದ ಹಾಗೆ, ಮೈಯೆಲ್ಲ ಹಾಗಿತ್ತು. ಬೆಟ್ಟದ ಬಂಡೆಗೆ ಬಿಸಿಲು ಏರುತ್ತಿತ್ತು. ಒಬ್ಬ ಹೆಂಗಸು ದಾಳಿಂಬೆ ಗಾಡಿಯ ಮೇಲೆ ನೀರು ಚಿಮುಕಿಸುತ್ತಿದ್ದಳು. ಇವತ್ತು ತಾನು ಏನು ಹೇಳಬೇಕೆಂಬುದು ಅವನಿಗೆ ಗೊತ್ತಿತ್ತು. ಹದಿನಾಲ್ಕು ತಿಂಗಳ ಹಿಂದೆ ಬರೆದುಕೊಟ್ಟ ವರದಿಯಲ್ಲಿ ಇದ್ದದ್ದು. ವರದಿ ಸುಳ್ಳೆಂಬುದೂ ಗೊತ್ತಿತ್ತು. ಇಷ್ಟು ಸರಳವಾಗಿ, ಎರಡು ವಾಕ್ಯದಲ್ಲಿ, ಅವನು ಅದನ್ನು ತನಗೇ ಹೇಳಿಕೊಂಡದ್ದು ಕಡಿಮೆ.

ಕೋರ್ಟಿನ ಜಗುಲಿಯಲ್ಲಿ ಇಲಾಖೆಯ ಸಂತೆಯೇ ನೆರೆದಿತ್ತು. ಕೈದಿ ಕರೆತಂದ ಎಸ್ಕಾರ್ಟಿನವರು ರೈಫಲ್ಲನ್ನು ಮೊಣಕಾಲಿಗೆ ಒರಗಿಸಿಕೊಂಡು ಕೂತಿದ್ದರು. ವಾರಂಟಿನವರು, ಬೆರಳು ಗುರುತಿನವರು, ಜಪ್ತಿಯಾದ ಮುದ್ದೆಮಾಲಿನ ಗೋಣಿಚೀಲ ಕಾಯುವವನೊಬ್ಬ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೆಲಸ. ಕೊಲೆಯ ಕುಡುಗೋಲು ಕಾಯುವವನಿಗೆ ಕೊಲೆ ಏನೆಂದು ಗೊತ್ತಿಲ್ಲ, ಕೈದಿ ತರುವವನಿಗೆ ಕೈದಿಯ ಹೆಸರು ಸಾಕು. ನನ್ನದು ನಾಯಿಯ ತುಂಡು, ಎಂದು ಭೀಮರಾಜು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದ. ಮಿಕ್ಕಿದ್ದನ್ನು ಜೋಡಿಸುವವರು ಬೇರೆ ಇದ್ದಾರೆ. ಕೋರ್ಟ್ ಡ್ಯೂಟಿಯ ಹೆಡ್ ಕಾನ್‌ಸ್ಟೇಬಲ್ ನಂದೀಶ್ವರಯ್ಯ, ಸಾಕ್ಷಿಗಳಿಗೆ ಪಾಠ ಹೇಳಿ ಹೇಳಿ ಮೇಷ್ಟರಂತಾಗಿದ್ದವರು, ಅವನನ್ನು ಕಂಬದ ಮರೆಗೆ ಕರೆದು ವರದಿಯ ಜೆರಾಕ್ಸು ಕೊಟ್ಟರು. ಓದಿಕೋ, ಹೆಚ್ಚೂ ಬೇಡ ಕಮ್ಮಿಯೂ ಬೇಡ ಎಂದರು. ಬೋರಣ್ಣನ ಕಡೆ ಸರ್ಕಾರ ಕೊಟ್ಟ ಹೊಸ ವಕೀಲೆ, ಹೆಚ್ಚೇನೂ ಕೇಳುವುದಿಲ್ಲ. ಕೇಳಿದರೆ ‘ಸರಿಯಲ್ಲ’ ಎಂದುಬಿಡು, ಅಷ್ಟು ಸಾಕು. ಆಮೇಲೆ ದನಿ ತಗ್ಗಿಸಿ ಸೇರಿಸಿದರು. ಈ ಕೇಸಿನಲ್ಲಿ ನೋಡಿದವರಿಲ್ಲ, ಕೊಲೆಯಾದ ಮುದುಕಿಯ ಕಿವಿಯಿಂದ ಹೋದ ಓಲೆ ಸಿಕ್ಕಲಿಲ್ಲ, ಇರುವುದು ಒಂದು ಕುಡುಗೋಲು ಮತ್ತು ನಿನ್ನ ನಾಯಿ. ನೀನು ಹೇಳುವುದರ ಮೇಲೆ ಜೀವಾವಧಿಯೋ ಬಿಡುಗಡೆಯೋ ನಿಂತಿದೆ. ಭೀಮರಾಜು ತಲೆಯಾಡಿಸಿದ. ನಂದೀಶ್ವರಯ್ಯನವರ ಬಾಯಲ್ಲಿ ಏಲಕ್ಕಿಯ ವಾಸನೆಯಿತ್ತು.

‘ಸದರಿ ಶ್ವಾನವು ಕೃತ್ಯದ ಸ್ಥಳದಿಂದ ವಾಸನೆ ಗ್ರಹಿಸಿ ಸುಮಾರು ಎರಡು ಕಿಲೋಮೀಟರ್ ಕ್ರಮಿಸಿ ಆರೋಪಿಯ ಮನೆಯ ಮುಂದೆ ಕುಳಿತಿರುತ್ತದೆ.’ ಅವನದೇ ದುಂಡು ಅಕ್ಷರ. ಎರಡು ಕಿಲೋಮೀಟರಿನಲ್ಲಿ ಒಂದೂಕಾಲು ನಿಜ. ಬುಕ್ಕಾಪಟ್ಟಣದ ಕಡೆಯ ಆ ಹೊಲದ ಶೆಡ್ಡಿನಿಂದ, ಮುದುಕಿ ಸತ್ತುಬಿದ್ದಿದ್ದ ಚಾಪೆ ಮೂಸಿ, ಸಿಂಧು ಬಾಣದಂತೆ ಹೊರಟಿತ್ತು. ಇಪ್ಪತ್ತಡಿ ಹಗ್ಗ ಪೂರಾ ಬಿಟ್ಟು ಅವನು ಹಿಂದೆ ಓಡಿದ್ದ. ಜಾಲಿ, ತಂಗಡಿ, ಕಾರೆಗಿಡ. ಎಲ್ಲೋ ಒಂದು ಚಿಂಕಾರ ಜಿಂಕೆ ನೆಗೆದು ಓಡಿದರೂ ನಾಯಿ ಅತ್ತ ತಿರುಗಿರಲಿಲ್ಲ. ಎಂಥ ನಾಯಿ ಅದು. ಹಿಂದೆ ಜೀಪು ಬಿಟ್ಟು ಬೆವರುತ್ತ ಬರುತ್ತಿದ್ದ ಇನ್ಸ್‌ಪೆಕ್ಟರ್ ಸಾಹೇಬರು, ಅವರ ಹಿಂದೆ ಊರಿಗೂರೇ. ಆಮೇಲೆ ಕುರಿದಾರಿ ಬಂತು. ಬೆಳಗ್ಗೆ ನಾನೂರೋ ಐನೂರೋ ಕುರಿ ದಾಟಿಹೋಗಿ ನೆಲವೆಲ್ಲ ಹಿಕ್ಕೆ, ಗೊರಸು, ಮೂತ್ರ. ಸಿಂಧು ನಿಂತಿತು. ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ತಲೆಯೆತ್ತಿ ಅವನ ಮುಖ ನೋಡಿತು. ನಾಯಿ ಹಾಗೆ ಮುಖ ನೋಡಿದರೆ ಮುಗಿಯಿತೆಂದೇ ಅರ್ಥ. ಅಲ್ಲಿಗೇ ಕೈಯೆತ್ತಿ, ಜಾಡು ಕಡಿಯಿತು ಸಾರ್, ಎನ್ನಬೇಕಿತ್ತು. ತರಬೇತಿಯ ಮೊದಲ ವಾರವೇ ಅದನ್ನು ಹೇಳಿಕೊಟ್ಟಿರುತ್ತಾರೆ. ಸಾಹೇಬರು ಏದುಸಿರು ಬಿಡುತ್ತ ಬಂದು, ಏನಯ್ಯಾ ನಿಂತುಬಿಟ್ಟೆ ಎಂದರು. ಎದುರಿಗೆ ಕುರಿಯವರ ಮನೆಗಳಿದ್ದ ಮುಳ್ಳುಬೇಲಿಯ ಹಟ್ಟಿ ಕಾಣುತ್ತಿತ್ತು. ನೂರಾರು ಜನ ನೋಡುತ್ತಿದ್ದರು. ಭೀಮರಾಜು ಹಗ್ಗವನ್ನು ಕೈಗೆ ಸುತ್ತಿಕೊಂಡು ಹಟ್ಟಿಯ ಕಡೆ ಹೆಜ್ಜೆ ಹಾಕಿದ. ನಾಯಿ ಪಕ್ಕದಲ್ಲಿ ಬಂತು.

ನಾಯಿ ಮುಂದಿದ್ದರೆ ಅದು ಹುಡುಕುತ್ತಿದೆ, ಪಕ್ಕದಲ್ಲಿದ್ದರೆ ಅದು ನಿಮ್ಮ ಮಾತು ಕೇಳುತ್ತಿದೆ. ಶಾಲೆಗಳಲ್ಲಿ ಪ್ರದರ್ಶನಕ್ಕೆ ಹೋದಾಗ ಮಕ್ಕಳಿಗೆ ಅವನು ಹೇಳುತ್ತಿದ್ದ ಮೊದಲ ಮಾತು ಅದು. ಕೊರಟಗೆರೆಯ ಒಂದು ಶಾಲೆಯ ಮೈದಾನದಲ್ಲಿ ಹಗ್ಗ ಗಿಡ್ಡ ಮಾಡಿ ಹಿಡಿದು ಸಿಂಧುವಿನ ಜೊತೆ ಹತ್ತು ಹೆಜ್ಜೆ ನಡೆದು ನಿಲ್ಲುತ್ತಿದ್ದ. ಅವನು ನಿಂತೊಡನೆ ನಾಯಿ ಕೂರುತ್ತಿತ್ತು. ಮತ್ತೆ ಹತ್ತು ಹೆಜ್ಜೆ, ಮತ್ತೆ ನಿಲ್ಲುವುದು, ಮತ್ತೆ ಕೂರುವುದು. ಬಾಯಿಬಿಟ್ಟು ಹೇಳುವುದು ಬೇಡ, ಕಣ್ಸನ್ನೆ ಬೇಡ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬಳು ಹುಡುಗಿ ಎದ್ದು, ಸಾರ್ ಅದಕ್ಕೆ ಕೂರೋದು ಬೇಡ ಅಂತ ಅನ್ನಿಸಿದರೆ ಏನ್ಮಾಡುತ್ತೆ ಎಂದು ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ಭೀಮರಾಜು, ಅನ್ನಿಸೋದಿಲ್ಲ ಪುಟ್ಟಿ ಎಂದಿದ್ದ. ಇದು ಹಟ್ಟಿಯ ಕೇಸಾಗಿ ಎರಡು ತಿಂಗಳಾದ ಮೇಲಿನ ಮಾತು. ಆವತ್ತು ವ್ಯಾನಿನಲ್ಲಿ ವಾಪಸಾಗುವಾಗ ಅವನಿಗೆ ಊಟ ಸೇರಿರಲಿಲ್ಲ, ಬಿಸಿಲಿಗೆ ಎಂದುಕೊಂಡಿದ್ದ.

ಜಗುಲಿಯ ಕೊನೆಯಲ್ಲಿ ಒಬ್ಬ ಹೆಂಗಸು ನೋಟೀಸ್ ಬೋರ್ಡಿನ ಮುಂದೆ ನಿಂತು, ಬಂದವರಿಗೆಲ್ಲ ಒಂದು ಚೀಟಿ ತೋರಿಸುತ್ತಿದ್ದಳು. ಕೆಂಪಂಚಿನ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ. ಅವನು ಸರಿದುಹೋಗುವಷ್ಟರಲ್ಲಿ ಅವನಿಗೂ ತೋರಿಸಿದಳು. ಇದು ಇವತ್ತು ಐತೇನಪ್ಪ ನೋಡು ಎಂದಳು. ಈರಕ್ಕ. ಬೋರಣ್ಣನ ಹೆಂಡತಿ. ಆವತ್ತು ಮನೆ ಬಾಗಿಲಲ್ಲಿ ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದವಳು. ನಾಯಿಯಿಲ್ಲದ ಭೀಮರಾಜು ಅವಳಿಗೆ ಗುರುತಾಗಲಿಲ್ಲ. ಅವನು ಚೀಟಿಯ ನಂಬರನ್ನು ಪಟ್ಟಿಯಲ್ಲಿ ಹುಡುಕಿ, ಐತೆ, ಊಟದ ಮೇಲೆ ಆಗಬಹುದು ಎಂದ. ಕುರಿಯನ್ನೆಲ್ಲ ಮೈದುನ ಅಂಜಿನಮೂರ್ತಿ ನೋಡಿಕೊಳ್ಳುತ್ತಿದ್ದಾನಂತೆ, ಮಗಳು ಪವಿತ್ರ ಹತ್ತನೇ ಕ್ಲಾಸಂತೆ, ಗಂಡನಿಗೆ ಜೈಲಿನಲ್ಲಿ ಮೈಯೆಲ್ಲ ತುರಿಕೆಯಂತೆ, ಕೇಳದಿದ್ದರೂ ಹೇಳಿದಳು. ಇವತ್ತು ನಾಯಿಯವನ ಸಾಕ್ಷಿಯಂತೆ ಎಂದೂ ಹೇಳಿದಳು. ಭೀಮರಾಜು ಬೋರ್ಡನ್ನೇ ಓದುತ್ತ ನಿಂತ.

“ಆ ನಾಯಿ ಸತ್ತೋಯ್ತಂತೆ. ಪೇಪರ್ನಾಗೆ ಬಂದಿತ್ತಂತೆ,” ಎಂದಳು ಈರಕ್ಕ. “ನಾವೇನೂ ಶಾಪ ಹಾಕ್ಲಿಲ್ಲ ಕಣಪ್ಪ. ಮೂಕಪ್ರಾಣಿ, ಅದಕ್ಕೇನ್ ಗೊತ್ತಾಯ್ತದೆ.”

ಪೇಪರಿನಲ್ಲಿ ಬಂದಿತ್ತು, ಫೋಟೋ ಸಮೇತ. ಮೂತ್ರಪಿಂಡ ಹೋಗಿ ಹನ್ನೊಂದು ದಿನ ಗ್ಲೂಕೋಸಿನ ಮೇಲಿದ್ದು ಸತ್ತ ಸಿಂಧುವಿಗೆ ಬಿಳಿ ಬಟ್ಟೆ ಹೊದಿಸಿ, ಸೇವಂತಿಗೆ ಹಾರ ಹಾಕಿ, ಮೂರು ಸುತ್ತು ಗುಂಡು ಹಾರಿಸಿ ಮಣ್ಣು ಮಾಡಿದ್ದರು. ಅಧಿಕಾರಿಯೊಬ್ಬರು ಅದು ಭೇದಿಸಿದ ಪ್ರಕರಣಗಳನ್ನು ಓದಿದರು. ಒಂಟಿ ವೃದ್ಧೆಯ ಕೊಲೆ ಪ್ರಕರಣ ಎಂದು ಓದುವಾಗ ಭೀಮರಾಜು ನಾಯಿಯ ಕಿವಿಯನ್ನು ನೋಡುತ್ತಿದ್ದ. ಒಂದು ಕಿವಿ ಬಟ್ಟೆಯ ಹೊರಗೆ ಉಳಿದಿತ್ತು. ಅವನಿಗೆ ಅಳು ಬಂತು, ಅಲ್ಲಿದ್ದವರಿಗೆಲ್ಲ ಅದು ಸಹಜವೆಂದೇ ತೋರಿತು, ಸಾಹೇಬರು ಬೆನ್ನು ತಟ್ಟಿದರು. ದುಃಖವೇನೋ ನಿಜವೇ. ಏಳು ವರ್ಷ ಒಂದೇ ತಟ್ಟೆಯ ಮುದ್ದೆ ಮುರಿದು ಹಾಕಿದ್ದಾನೆ. ಆದರೆ ಅಳುವಿನ ನಡುವೆ ಇನ್ನೊಂದು ವಿಷಯವೂ ತಲೆಯಲ್ಲಿ ಬಂದುಹೋಯಿತು. ಆವತ್ತು ಹಟ್ಟಿಯಲ್ಲಿ ಆದದ್ದು ಗೊತ್ತಿದ್ದವರಲ್ಲಿ ಈಗ ತಾನೊಬ್ಬನೇ ಉಳಿದೆ ಎಂಬುದು. ಹಗುರವಾಯಿತೋ ಭಾರವಾಯಿತೋ ಎಂದು ತೀರ್ಮಾನಿಸಲು ಅವನಿಗೆ ಆಗಲಿಲ್ಲ. ಅಂದಿನಿಂದ ಈ ಮರಗಟ್ಟುವಿಕೆ ಶುರುವಾಗಿರಬೇಕು. ಆಮೇಲೆ ಯಾವುದಕ್ಕೂ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ನೀವು ಮನೆಯಲ್ಲಿದ್ದರೂ ಮನೆಯಲ್ಲಿ ಇರುವುದಿಲ್ಲ ಎಂದು ರಾಧಾಮಣಿ ಒಂದೆರಡು ಸಲ ರೇಗಿ, ಆಮೇಲೆ ರೇಗುವುದನ್ನೂ ಬಿಟ್ಟಳು.

ಅಪ್ಪ ದೊಡ್ಡಹನುಮಯ್ಯ ಬದುಕಿದ್ದಿದ್ದರೆ ಕೇಳಬಹುದಿತ್ತು. ಅಪ್ಪ ಊರಿನ ತಳವಾರಿಕೆ ಮಾಡಿದವನು. ಅಧಿಕಾರಿ ಬಂದರೆ ಊರಿಗೆ ಸುದ್ದಿ ಮುಟ್ಟಿಸಬೇಕು, ಕರೆದವರ ಮನೆ ಮುಂದೆ ನಿಲ್ಲಬೇಕು. ಬೇರೆ ಊರಿಗೆ ಹೋದರೆ ಬೇಲಿಯ ಹತ್ತಿರ ಹೋಗುವ ಮೊದಲೇ, ಯಾರೂ ಕೇಳುವ ಮೊದಲೇ, ತಾನು ಯಾವ ಊರಿನವನು, ಯಾವ ಕೇರಿಯವನು ಎಂದು ದೂರದಿಂದ ಕೂಗಿ ಹೇಳಿಬಿಡುತ್ತಿದ್ದ. ಚಿಕ್ಕವನಾಗಿದ್ದ ಭೀಮರಾಜುವಿಗೆ ಅದು ನಾಚಿಕೆಯಾಗುತ್ತಿತ್ತು. ಯಾಕಪ್ಪಾ ಹಂಗೆ ಕೂಗ್ತೀಯ ಎಂದು ಒಂದು ದಿನ ಕೇಳಿದ್ದಕ್ಕೆ ಅಪ್ಪ, “ಅವ್ರು ಕೇಳಿ ನಾನು ಹೇಳೋದು ಬೇರೆ ಕಣ್ಲಾ, ನಾನೇ ಹೇಳ್ಬುಡೋದು ಬೇರೆ,” ಎಂದಿದ್ದ. ಆ ಮಾತು ಭೀಮರಾಜುವಿಗೆ ಇಷ್ಟವಾಗಿರಲಿಲ್ಲ. ಓದಿ, ಓಡಿ, ಎದೆಯಳತೆ ಕೊಟ್ಟು ಖಾಕಿ ಹಾಕಿಕೊಂಡದ್ದೇ ಎರಡೂ ಮಾಡಬೇಕಾಗಿಲ್ಲವೆಂದು. ಖಾಕಿಯವನನ್ನು ಯಾರೂ ಕೇಳುವುದಿಲ್ಲ, ಕೇಳುವವನು ಖಾಕಿಯವನು. ಹದಿನೈದು ವರ್ಷ ಹಾಗೇ ನಡೆದಿತ್ತು.

ಆವತ್ತು ಹಟ್ಟಿಯ ಬಾಗಿಲಲ್ಲಿ ಚಪ್ಪಲಿಗಳ ರಾಶಿಯಿತ್ತು. ಒಳಗೆ ದೇವರ ಗುಡಿ, ಹಟ್ಟಿಯೊಳಗೆ ಕಾಲಿಗೆ ಹಾಕಿಕೊಂಡು ಹೋಗುವಂತಿಲ್ಲ, ಅದು ಅವರ ಕಟ್ಟು. ಸಾಹೇಬರು ಒಳಗೆ ಬರದೆ ಬೇವಿನ ಮರದ ಕೆಳಗೆ ನಿಂತು, ನೀನು ಹೋಗು ಎಂದರು. ಭೀಮರಾಜು ಬೂಟು ಬಿಚ್ಚಲು ಬಗ್ಗಿದ. ಒಂದು ಕೈಯಲ್ಲಿ ನಾಯಿ, ಒಂದೇ ಕೈಯಲ್ಲಿ ಲೇಸು. ಗಂಟು ಬಿಗಿದುಕೊಂಡಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅವನ ತಲೆಯ ಹತ್ತಿರ ಎರಡು ಬರಿಗಾಲು ಬಂದು ನಿಂತವು. ನೋಡಿದರೆ ಹೆಗಲ ಮೇಲೆ ಕಂಬಳಿ ಹಾಕಿದ ಐವತ್ತರ ಗಂಡಸು, ನಗುಮುಖ. ಯಾವೂರು ಸ್ವಾಮಿ ತಮ್ದು ಎಂದ. ಊರು ಹೇಳಿದ್ದಾಯಿತು. ಯಾರ ಪೈಕಿ ಎಂದ. ಭೀಮರಾಜು ಬಗ್ಗಿದವನು ಬಗ್ಗಿದಂತೆಯೇ, ಸರ್ಕಾರದೋರ ಪೈಕಿ ಎಂದ. ಸುತ್ತ ನಿಂತಿದ್ದವರಲ್ಲಿ ಇಬ್ಬರು ನಕ್ಕರು. ಕಂಬಳಿಯವನೂ ನಕ್ಕು, ಬಹಳ ಮೃದುವಾಗಿಯೇ, ಅಂಗಲ್ಲ ಸ್ವಾಮಿ, ಒಳೀಕೆ ಗುಡಿ ಐತೆ, ಅದ್ಕೆ ಕೇಳ್ದೆ ಎಂದ. ಅಷ್ಟು ಹೊತ್ತಿಗೆ ಸಿಂಧು ಹಟ್ಟಿಯೊಳಗೆ ಎರಡು ಹೆಜ್ಜೆ ಇಟ್ಟಾಗಿತ್ತು. ನಾಯಿಯನ್ನು ಯಾರೂ ಏನೂ ಕೇಳಲಿಲ್ಲ. ಯಾರೋ ಹಿರಿಯರು, ಪೋಲೀಸ್ನೋರು ಬುಡ್ರಪ್ಪ ಎಂದರು. ಭೀಮರಾಜು ಒಂದು ಬೂಟನ್ನು ಅಲ್ಲೇ ಕಿತ್ತೆಸೆದು ಇನ್ನೊಂದನ್ನೂ ಎಳೆದು ಹಾಕಿ ಒಳಗೆ ನಡೆದ. ಕಿವಿ ಗುಂಯ್ ಎನ್ನುತ್ತಿತ್ತು. ಒಂದು ಮನೆ, ಎರಡು ಮನೆ. ಕಂಬಳಿಯವನು ಮುಂದೆ ಮುಂದೆ ಓಡಿ ಒಂದು ಮನೆಯ ಬಾಗಿಲಲ್ಲಿ ಹೋಗಿ ನಿಂತ, ತನ್ನ ಮನೆಗೆ ಬರುವವರನ್ನು ಎದುರುಗೊಳ್ಳುವಂತೆ. ಒಳಗಿನಿಂದ ಅವನ ಹೆಂಡತಿ ಚೊಂಬು ಹಿಡಿದು ಬಂದಳು. ನಾಯಿಗೆ ಕುಡಿಯಲು ತಂದಿರಬಹುದು. ಭೀಮರಾಜು ನಡೆದ ಜಾಗಕ್ಕೆ ಚಿಮುಕಿಸಲೂ ತಂದಿರಬಹುದು. ಅದನ್ನು ಅವನು ಇಂದಿಗೂ ತೀರ್ಮಾನಿಸಿಲ್ಲ. ಅಲ್ಲಿ ಅವನು ನಿಂತ. ಕೈಯಲ್ಲಿ ಹಗ್ಗ ಒಂದೂವರೆ ಮೊಳ. ನಿಂತೊಡನೆ ಏನಾಗುತ್ತದೆಂದು ಆ ಕ್ಷಣ ತನಗೆ ಗೊತ್ತಿತ್ತೇ ಇಲ್ಲವೇ ಎಂದು ಹದಿನಾಲ್ಕು ತಿಂಗಳು ಕೇಳಿಕೊಂಡಿದ್ದಾನೆ. ಗೊತ್ತಿತ್ತು. ಸಿಂಧು ಕೂತಿತು. ಹಿಂದಿನಿಂದ ಹೋ ಎಂದು ಕೂಗು ಎದ್ದಿತು. ಕಂಬಳಿಯವನ ಮುಖದ ನಗು ಹೋಗಲು ತುಸು ಹೊತ್ತು ಹಿಡಿಯಿತು. ಒಂದು ಪೆಟ್ಟು ತಿಂದರೆ ಬುದ್ಧಿ ಬರುತ್ತದೆ, ನಾಳೆ ಬಿಡುತ್ತಾರೆ ಎಂದೇ ಭೀಮರಾಜು ಅಂದುಕೊಂಡಿದ್ದು. ಎರಡನೆಯ ದಿನ ಸೂರಿನಲ್ಲಿ ಕುಡುಗೋಲು ಸಿಕ್ಕಿತು. ಕುಡುಗೋಲು ಸಿಕ್ಕದ ಮನೆ ಆ ಸೀಮೆಯಲ್ಲಿ ಯಾವುದಿದೆ. ಮೂರನೆಯ ದಿನ ತಪ್ಪೊಪ್ಪಿಗೆ. ಆಮೇಲೆ ಅದು ಅವನ ತುಂಡಾಗಿ ಉಳಿಯಲಿಲ್ಲ.

ಊಟದ ಹೊತ್ತಿನಲ್ಲಿ ನಂದೀಶ್ವರಯ್ಯ ತಮ್ಮ ಡಬ್ಬಿಯಿಂದ ಚಿತ್ರಾನ್ನ ಹಂಚಿದರು. ಭೀಮರಾಜು ತಿಂದ. ರುಚಿ ಗೊತ್ತಾಗಲಿಲ್ಲ, ಕಡಲೆಬೀಜ ಹಲ್ಲಿಗೆ ಸಿಕ್ಕಿದ್ದು ಗೊತ್ತಾಯಿತು. ಹೊಸ ಮರಿ ಬರುವ ತಿಂಗಳು ಬರುತ್ತದೆ, ಹೆಣ್ಣೇ, ಹೆಸರು ನೀನೇ ಇಡಬಹುದು ಎಂದರು ಅವರು. ತನ್ನ ವರದಿ ಸುಳ್ಳೆಂದು ತಾನೇ ಹೇಳಿದವನ ಕೈಗೆ ಇಲಾಖೆ ಇನ್ನೊಂದು ನಾಯಿ ಕೊಡುವುದಿಲ್ಲ. ವಿಚಾರಣೆ ನಡೆಸುತ್ತದೆ, ಮೊದಲು ಖಾಕಿ ಬಿಚ್ಚಿಸುತ್ತದೆ. ಇದನ್ನು ಯೋಚಿಸಿದಾಗ ಭಯವಾಗಬೇಕಿತ್ತು. ಊಟದ ಕೈ ತೊಳೆಯುತ್ತ, ನಲ್ಲಿಯ ನೀರು ಎಷ್ಟು ಸಣ್ಣಗೆ ಬರುತ್ತಿದೆ ಎಂದಷ್ಟೇ ಅವನಿಗೆ ಅನ್ನಿಸಿತು.

ಮೂರು ಗಂಟೆಯ ಹೊತ್ತಿಗೆ ಅವನ ಹೆಸರನ್ನು ಮೂರು ಸಲ ಕೂಗಿದರು. ಕಟಕಟೆ ಹತ್ತಿ ಪ್ರಮಾಣ ಮಾಡಿದ. ಎದುರು ಗೋಡೆಯ ಬದಿಗೆ ಬೋರಣ್ಣ ನಿಂತಿದ್ದ. ಕಂಬಳಿಯಿಲ್ಲ, ತಲೆ ನುಣ್ಣಗೆ ಬೋಳಿಸಿದ್ದಾರೆ, ಅಂಗಿ ಹೆಗಲಿನಿಂದ ಜೋತುಬಿದ್ದಿದೆ. ಮೊಣಕೈಯನ್ನು ಮೆಲ್ಲಗೆ ಕೆರೆದುಕೊಳ್ಳುತ್ತಿದ್ದ. ಅವನಿಗೆ ಭೀಮರಾಜುವಿನ ಗುರುತು ಸಿಕ್ಕಿತು, ಈರಕ್ಕನಿಗೂ ಈಗ ಸಿಕ್ಕಿತು. ಬಾಗಿಲ ಹತ್ತಿರ ನಿಂತಿದ್ದವಳು ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. ಸರ್ಕಾರಿ ವಕೀಲರು ಕೇಳಿದರು, ಅವನು ವರದಿಯಲ್ಲಿದ್ದುದನ್ನು ಹೇಳಿದ. ಮಾತು ತಾನಾಗಿ ಬರುತ್ತಿತ್ತು. ನ್ಯಾಯಾಧೀಶರು ಅದನ್ನು ಒಂದೊಂದು ವಾಕ್ಯ ಮಾಡಿ ಬೆರಳಚ್ಚು ಮಾಡುವವಳಿಗೆ ಹೇಳುತ್ತಿದ್ದರು. ಆಮೇಲೆ ಬೋರಣ್ಣನ ಕಡೆಯ ವಕೀಲೆ ಸಹನಾ ಎದ್ದಳು. ಚಿಕ್ಕ ವಯಸ್ಸು, ಕರೀ ಕೋಟು ದೊಡ್ಡದಾಗಿತ್ತು, ಕೈಯಲ್ಲಿ ಒಂದು ಕಾಗದ. ಏಕೆ ಎಂದು ತಿಳಿಯದೆ ಭೀಮರಾಜು ಅವಳನ್ನೇ ಆಸೆಯಿಂದ ನೋಡಿದ. ಕೇಳಮ್ಮ, ಎಂದು ಮನಸ್ಸಿನಲ್ಲಿ ಹೇಳಿದ. ನೀವು ಆ ದಿನ ನಾಯಿಯನ್ನು ಸ್ಥಳಕ್ಕೇ ಕರೆದೊಯ್ದಿಲ್ಲ ಎಂದರೆ? ಸರಿಯಲ್ಲ. ನಾಯಿಗೆ ತರಬೇತಿಯೇ ಆಗಿರಲಿಲ್ಲ ಎಂದರೆ? ಸರಿಯಲ್ಲ. ನಾಯಿ ಬೋರಣ್ಣನ ಮನೆಯ ಮುಂದೆ ಕೂರಲೇ ಇಲ್ಲ ಎಂದರೆ? ಸರಿಯಲ್ಲ. ಎಲ್ಲ ಉತ್ತರವೂ ನಿಜವೇ ಆಗಿತ್ತು. ಒಂದೊಂದು ನಿಜಕ್ಕೂ ಬೋರಣ್ಣ ಒಂದೊಂದು ವರ್ಷ ಒಳಗೆ ಹೋಗುತ್ತಿದ್ದ. ಕೊನೆಗೆ ಅವಳು ಏನೋ ನೆನಪಾದವಳಂತೆ, ಹಗ್ಗ ಎಷ್ಟು ಉದ್ದವಿರುತ್ತದೆ ಎಂದಳು. ಇಪ್ಪತ್ತಡಿ ಎಂದ. ಮನೆಯ ಮುಂದೆಯೂ ಇಪ್ಪತ್ತಡಿ ಬಿಟ್ಟಿದ್ದಿರಾ? ಇಲ್ಲ, ಕೈಗೆ ಸುತ್ತಿಕೊಂಡಿದ್ದೆ, ಒಂದೂವರೆ ಮೊಳ ಇತ್ತು. ಎಲ್ಲವನ್ನೂ ಹೇಳಿಬಿಟ್ಟಿದ್ದ, ಇನ್ನು ಅವಳು ಕೈ ಚಾಚಿ ತೆಗೆದುಕೊಂಡರೆ ಸಾಕಿತ್ತು. ಅವಳು ಕಾಗದ ನೋಡಿದಳು, ಅದರಲ್ಲಿ ಮುಂದೆ ಏನೂ ಇರಲಿಲ್ಲವೆಂದು ತೋರುತ್ತದೆ. ಅಷ್ಟೇ ಸ್ವಾಮಿ, ಎಂದು ಕೂತಳು. ಕೂತಾಗ ಅವಳ ಮುಖದಲ್ಲಿ ಪರೀಕ್ಷೆ ಮುಗಿಸಿದ ಹುಡುಗಿಯ ನೆಮ್ಮದಿ ಇತ್ತು. ಇಳಿಯಬಹುದು ಎಂದರು ನ್ಯಾಯಾಧೀಶರು.

ಅವನು ಇಳಿಯಲಿಲ್ಲ. ಕಾಲು ಎತ್ತಬೇಕೆಂದುಕೊಂಡ, ಎತ್ತಲಾಗಲಿಲ್ಲ. ಧೈರ್ಯ ಬಂತೆಂದಲ್ಲ, ಧೈರ್ಯ ಬರುವವರ ಜಾತಕ ಬೇರೆ. ಇಳಿದರೆ ಇನ್ನು ಯಾರೂ ಎಂದಿಗೂ ತನ್ನನ್ನು ಕೇಳುವುದಿಲ್ಲ, ಇದು ಕೊನೆ ಎಂಬುದು ಮಾತ್ರ ಸ್ಪಷ್ಟವಾಗಿ ಹೊಳೆಯಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಏನು ಎಂದರು.

“ಹಗ್ಗ ಗಿಡ್ಡ ಇದ್ದಾಗ ನಾನು ನಿಂತ್ರೆ ಅದು ಕೂರುತ್ತೆ ಸ್ವಾಮಿ. ಅದು ತರಬೇತಿ. ವಾಸನೆ ಕುರಿದಾರೀಲೇ ಕಡಿದೋಗಿತ್ತು. ಆ ಮನೆ ಮುಂದೆ ನಿಂತಿದ್ದು ನಾನು.”

ಬೆರಳಚ್ಚಿನ ಸದ್ದು ನಿಂತಿತು. ಸರ್ಕಾರಿ ವಕೀಲರು ಎದ್ದು ಆಕ್ಷೇಪಣೆ ಎಂದರು, ಸಹನಾ ಕೂತಲ್ಲೇ ಬಾಯಿ ತೆರೆದಳು, ಕಿಟಕಿಯ ಹತ್ತಿರ ನಂದೀಶ್ವರಯ್ಯ ಹಣೆ ಮುಟ್ಟಿಕೊಂಡರು. ನ್ಯಾಯಾಧೀಶರು ಕೈಯೆತ್ತಿ ಎಲ್ಲರನ್ನೂ ಕೂರಿಸಿ, ಯಾಕೆ ಅದೇ ಮನೆಯ ಮುಂದೆ ನಿಂತಿರಿ ಎಂದು ಕೇಳಿದರು. ಇದನ್ನು ಹೇಳಲು ಅವನು ಸಿದ್ಧನಾಗಿರಲಿಲ್ಲ. ಅವರು ನನ್ನನ್ನು ಒಂದು ಮಾತು ಕೇಳಿದ್ದರು, ಸಿಟ್ಟು ಬಂದಿತ್ತು ಎಂದ. ಏನು ಮಾತು ಎಂದರು. ಬೇಡ ಸ್ವಾಮಿ ಎಂದ. ಅವರು ಮತ್ತೆ ಕೇಳದೆ ಬೆರಳಚ್ಚಿನವಳಿಗೆ ನಿಧಾನವಾಗಿ ಬರೆಸಿದರು. ಆರೋಪಿಯು ಕೇಳಿದ ಒಂದು ಮಾತಿನಿಂದ ಸಿಟ್ಟುಗೊಂಡು ಸದರಿ ಮನೆಯ ಮುಂದೆ ನಿಂತೆ ಎಂದು ಸಾಕ್ಷಿಯು ಹೇಳುತ್ತಾರೆ. ಅವನು ಓದಿ ಸಹಿ ಹಾಕಿದ. ಸರ್ಕಾರಿ ವಕೀಲರು ಸಾಕ್ಷಿ ಪ್ರತಿಕೂಲವೆಂದು ಘೋಷಿಸಬೇಕೆಂದು ಕೇಳಿ, ಅರ್ಧ ಗಂಟೆ ಅವನನ್ನು ಜಾಲಾಡಿದರು. ಆರೋಪಿಯ ಕಡೆಯವರು ನಿನ್ನನ್ನು ಕಂಡು ದುಡ್ಡು ಕೊಟ್ಟಿದ್ದಾರೆ ಎಂದರೆ? ಸರಿಯಲ್ಲ ಎಂದ. ಹೊರಗೆ ಬಂದಾಗ ಜಗುಲಿಯಲ್ಲಿ ಅವನಿಗೆ ಜಾಗ ಬಿಟ್ಟು ಎಲ್ಲರೂ ಸರಿದು ನಿಂತರು. ನಂದೀಶ್ವರಯ್ಯ ಫೋನಿನಲ್ಲಿದ್ದರು.

ಎಸ್ಕಾರ್ಟಿನ ರಂಗರಾಜು ಬೋರಣ್ಣನನ್ನು ವ್ಯಾನಿನ ಕಡೆ ಕರೆದುಕೊಂಡು ಬಂದ. ಬಿಡುಗಡೆ ಇವತ್ತಿಗಲ್ಲ, ಆದರೆ ವಕೀಲೆ ಜಾಮೀನಿಗೆ ಇವತ್ತೇ ಅರ್ಜಿ ಹಾಕುತ್ತಾಳಂತೆ, ಈರಕ್ಕ ಅವಳ ಹಿಂದೆ ಅವಸರವಾಗಿ ಹೋಗುತ್ತಿದ್ದಳು. ಬೋರಣ್ಣ ಭೀಮರಾಜುವಿನ ಎದುರು ಬಂದು ನಿಂತ. ರಂಗರಾಜು ಕೈಗೆ ಹಾಕಿದ ಬೇಡಿಯನ್ನು ಎಳೆಯಲಿಲ್ಲ. ಬೈಯುತ್ತಾನೆ, ಇಲ್ಲವೇ ಕೈ ಮುಗಿಯುತ್ತಾನೆ, ಎರಡಕ್ಕೂ ಭೀಮರಾಜು ಮೈ ಗಟ್ಟಿಮಾಡಿಕೊಂಡ. ಬೋರಣ್ಣನ ಮುಖದಲ್ಲಿ ಇದ್ದದ್ದು ಬರೀ ಸೋಜಿಗ.

“ನಾನೇನ್ ಕೇಳಿದ್ದೆ ಸ್ವಾಮಿ ನಿಮ್ಮುನ್ನ? ಆಗ್ಲಿಂದ ಯೋಚ್ನೆ ಮಾಡ್ತಾವ್ನಿ, ಒಂದೂ ನೆಪ್ಪಿಗೆ ಬರಾಕಿಲ್ಲ.”

ನ್ಯಾಯಾಧೀಶರಿಗೆ ಹೇಳದ್ದನ್ನು ಇವನಿಗೆ ಹೇಳದೆ ಇರಲಾಗುವುದಿಲ್ಲವೆಂದು ಭೀಮರಾಜುವಿಗೆ ಅನ್ನಿಸಿತು. ಆ ಮಾತಿಗೆ ಹದಿನಾಲ್ಕು ತಿಂಗಳು ಜೈಲಿನಲ್ಲಿ ಕಳೆದವನು ಇವನು. ಅವನು ಹತ್ತಿರ ಬಗ್ಗಿ, ರಂಗರಾಜುವಿಗೆ ಕೇಳದ ಹಾಗೆ, ಬೇಲಿಯ ಹತ್ತಿರ ನಡೆದ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಬೋರಣ್ಣ ಕಿವಿಗೊಟ್ಟು ಕೇಳಿದ. ಕೇಳಿ, ಇನ್ನೂ ಏನೋ ಇದೆಯೆಂಬಂತೆ ಕಾದ. ಇನ್ನೇನೂ ಇಲ್ಲವೆಂದು ತಿಳಿದಾಗ ತಲೆಯೆತ್ತಿ ನೋಡಿದ.

“ಅಷ್ಟಕ್ಕೇನಾ?” ಎಂದ. “ಅದ್ನ ಎಲ್ಲಾರ್ನೂ ಕೇಳ್ತೀವಲ್ಲ ಸ್ವಾಮಿ.”

ಅವನ ಕಣ್ಣಲ್ಲಿ ನೀರು ತುಂಬಿತು. ರಂಗರಾಜು ಅವನನ್ನು ವ್ಯಾನಿಗೆ ಹತ್ತಿಸಿದ, ಬಾಗಿಲು ಹಾಕಿದ. ಭೀಮರಾಜು ಬಿಸಿಲಿನಲ್ಲಿ ನಿಂತಿದ್ದ. ತನ್ನಿಂದ ಆ ಮನುಷ್ಯನ ಬದುಕು ಹಾಳಾಯಿತು ಎಂಬುದನ್ನು ಅವನು ಈಗಷ್ಟೇ ಕಟಕಟೆಯಲ್ಲಿ ನಿಂತು ಒಪ್ಪಿಕೊಂಡು ಬಂದಿದ್ದ, ಅದರಲ್ಲಿ ಒಂದು ಮಾತೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಆದರೂ ಸಿಟ್ಟು ಬಂತು. ನಾಲ್ಕು ತಿಂಗಳಲ್ಲಿ ಅವನಿಗೆ ಮೊದಲ ಬಾರಿ ಏನೋ ಆಗಿತ್ತು, ಅದು ಸಿಟ್ಟಾಗಿತ್ತು. ಹಟ್ಟಿಯಲ್ಲಿ ಬಂದಷ್ಟೇ, ಒಂದು ಗುಲಗಂಜಿಯೂ ಕಡಿಮೆಯಿಲ್ಲದೆ. ವ್ಯಾನು ಗೇಟು ದಾಟಿ ಹೋಗುವ ತನಕ ಅವನು ಆವತ್ತು ಹಗ್ಗ ಸುತ್ತಿಕೊಂಡಿದ್ದ ತನ್ನ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದ.